ಮೂರನೆಯ ನೋಟಿಸು

ಇನ್ನೂ ಅದೇ ಕಾರಣ ಹೇಳುವುದು ಸರಿಯೇ, ಅಥವಾ ಬೆಳಿಗ್ಗೆಯೇ ಗಡ್ಡ ಬೋಳಿಸಿಕೊಂಡು ಬಂದುಬಿಡಬೇಕಿತ್ತೇ? ಮ್ಯಾನೇಜರರ ಎದುರು ನಿಂತ ನಂಜುಂಡನಿಗೆ ತೀರ್ಮಾನಿಸಲಾಗಲಿಲ್ಲ.

"ಗಡ್ಡ ಬಿಟ್ಟುಕೊಂಡು ರಿಸೆಪ್ಷನ್ನಿನಲ್ಲಿ ಕೂರೋ ಹಾಗಿಲ್ಲ ಅಂತ ಎಷ್ಟು ಸಲ ಹೇಳಬೇಕ್ರೀ? ಎರಡು ನೋಟಿಸ್ ಆಯ್ತು. ಇದು ಮೂರನೇದು. ಇದಾದ ಮೇಲೆ ಸೀದಾ ಮನೆಗೆ."

"ಟೈ ಕಟ್ಟು ಅಂದ್ರಿ, ಕಟ್ಟಿದೆ. ಈ ಸೆಕೆಯಲ್ಲಿ ಕೋಟು ಹಾಕು ಅಂದ್ರಿ, ಹಾಕಿದೆ. ಮುಖ ಮಾತ್ರ ನನ್ನದು ಸಾರ್. ಹೆಂಡತಿ ಬಸುರಿ ಅಂತ ಆಗಲೇ ಹೇಳಿದ್ದೀನಿ. ಹೆರಿಗೆ ಆಗೋವರೆಗೂ ನಮ್ಮಲ್ಲಿ ಗಂಡ ಗಡ್ಡ ತೆಗೆಯೋದಿಲ್ಲ."

"ಕೆಲಸ ಹೋದರೆ?"

"ಹೋಗಲಿ. ಕೊಡಿ, ಸಹಿ ಹಾಕ್ತೀನಿ."

ಮ್ಯಾನೇಜರರು ನೋಟಿಸನ್ನು ಹರಿದು ಬುಟ್ಟಿಗೆ ಹಾಕಿದರು.

"ಭಾರೀ ಮೊಂಡ ಕಣಯ್ಯಾ ನೀನು. ನಾನೂ ಇಬ್ಬರು ಹೆಣ್ಣುಮಕ್ಕಳ ಅಪ್ಪನೇ. ಹೆರಿಗೆವರೆಗೆ ಇರಲಿ, ಮೇಲಿನವರಿಗೆ ನಾನು ಹೇಳ್ತೀನಿ. ಈಗ ಎಷ್ಟು ತಿಂಗಳು?"

"ಎಂಟು."

"ಸಿಹಿ ತರೋದು ಮರೀಬೇಡ."

ನಂಜುಂಡ ತಲೆಯಾಡಿಸಿ ಹೊರಗೆ ಬಂದ. ಮಗು ಆರನೆಯ ತಿಂಗಳಲ್ಲೇ ಹೊಟ್ಟೆಯೊಳಗೆ ತೀರಿಕೊಂಡಿತ್ತೆಂದು ಅವನು ಹೇಳಲಿಲ್ಲ.