ಸೋರಿದ ಪ್ರಶ್ನೆಪತ್ರಿಕೆ

"ಹೂವು, ಕುರ್ಚಿ, ರೈಲು," ಎಂದ ಕಾಶೀನಾಥ, ಧಂತೋಲಿಯ ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣು ಮುಚ್ಚಿಕೊಂಡು.

"ಶಾಬಾಸ್! ಒಳಗೂ ಹಿಂಗ ಹೇಳಬೇಕು, ಬರೋಬರ್?" ಎಂದ ಅವನ ಹೆಂಡತಿಯ ಅಣ್ಣ ಫಕೀರಪ್ಪ. ಇತವಾರಿ ಪೇಟೆಯಲ್ಲಿ ಮೊಳೆ, ಚಿಲಕ ಮಾರುವ ಫಕೀರಪ್ಪನಿಗೆ ಮಿದುಳಿನ ಶಸ್ತ್ರವೈದ್ಯರ ರೀತಿನೀತಿ ಪೂರ್ತಿ ಗೊತ್ತಿತ್ತು. ಅವರು ಮೂರು ಪದ ಹೇಳುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಕೇಳುತ್ತಾರೆ, ಹೇಳಲಾರದವರ ತಲೆ ಕೊರೆಯುತ್ತಾರೆ. ಇದೇ ಡಾಕ್ಟರಿಗೆ ತನ್ನ ತಾಯಿಯನ್ನು ತೋರಿಸಿದ್ದ ಗಿರಾಕಿಯೊಬ್ಬ ಆ ಮೂರು ಪದಗಳನ್ನು ಉಗುಳಿಬಿಟ್ಟಿದ್ದ. ಪ್ರಶ್ನೆಪತ್ರಿಕೆಯೇ ಕೈಗೆ ಸಿಕ್ಕ ಮೇಲೆ ರೋಗಕ್ಕೇನು ಬೆಲೆ? ವಾರವಿಡೀ ಬೆಳಿಗ್ಗೆ ಚಹಾದ ಜೊತೆ, ಸಂಜೆ ಊಟದ ಜೊತೆ ಪಾಠ ನಡೆಯಿತು. ಶಿವಕ್ಕ ಗಂಡನ ಪಕ್ಕ ಸುಮ್ಮನೆ ಕುಳಿತಿದ್ದಳು. ಅಣ್ಣ ಮಾತಾಡುವಾಗ ಸುಮ್ಮನಿರುವುದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಒಳಗೆ ಡಾಕ್ಟರ್ ಶೈಲಜಾ ಆ ಮರಾಠಿ ಊರಿನಲ್ಲೂ ಬೆಂಗಳೂರಿನ ಕನ್ನಡದಲ್ಲಿ ಸ್ವಾಗತಿಸಿದಾಗ ಫಕೀರಪ್ಪ ಅರ್ಧ ಗೆದ್ದವನಂತೆ ಕುರ್ಚಿ ಎಳೆದುಕೊಂಡ. "ನಮ್ಮವರ ಬಿಡ್ರಿ. ಮನಿ ಡಾಕ್ಟರು ಸುಮ್ಮನ ಹೆದರಿಸಿ ಕಳಿಸ್ಯಾರ."

"ಮೂರು ಪದ ಹೇಳ್ತೀನಿ, ನೆನಪಿಟ್ಟುಕೊಳ್ಳಿ," ಎಂದು ಶೈಲಜಾ ಕಾಶೀನಾಥನಿಗೆ ಹೇಳಿದರು. "ನವಿಲು, ಬೀಗ, ಹಾಲು."

ಫಕೀರಪ್ಪನ ಮುಖ ಬಾಡಿತು. ಪತ್ರಿಕೆ ಬದಲಾಗಿತ್ತು! ಶೈಲಜಾ ಕಾಶೀನಾಥನಿಂದ ತಮ್ಮ ಕೈ ಹಿಸುಕಿಸಿಕೊಂಡರು, ಅವನನ್ನು ನಡೆಸಿ ನೋಡಿದರು. ಅವನ ಪಾದಗಳು ನೆಲಕ್ಕೆ ಅಂಟು ಹಚ್ಚಿದಂತೆ ತೆವಳಿದವು. ಆಮೇಲೆ, "ಆ ಮೂರು ಪದ?" ಎಂದರು.

"ಹೂವು, ಕುರ್ಚಿ, ರೈಲು!" ಮೊದಲ ನಂಬರು ಬಂದ ಹುಡುಗನ ಹಿಗ್ಗಿನಿಂದ ಹೇಳಿದ ಕಾಶೀನಾಥ.

"ಚೆನ್ನಾಗಿ ಓದ್ಕೊಂಡು ಬಂದಿದಾರೆ," ಎಂದರು ಶೈಲಜಾ. "ಆದರೆ ಬೇರೆಯವರ ಪರೀಕ್ಷೆಗೆ."

ಫಕೀರಪ್ಪ ಕೆಮ್ಮಿದ. ಡಾಕ್ಟರ್ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದರು. "ಮಿದುಳಿನೊಳಗೆ ನೀರು ಹೆಚ್ಚಾಗಿದೆ. ನಳಿಕೆ ಹಾಕಿ ಇಳಿಸಿದ್ರೆ ಸುಧಾರಿಸಬಹುದು. ತಡ ಮಾಡಿದ್ರೆ ಆ ಅವಕಾಶ ಕಮ್ಮಿ ಆಗುತ್ತೆ. ಚಿತ್ರ ಒಂದೇ ನೋಡಿ ನಾನು ಆಪರೇಷನ್ ಮಾಡಲ್ಲ, ಮನೇಲಿ ಹೇಗಿದಾರೆ ಅಂತ ನೀವು ಹೇಳಬೇಕು. ಬೀಳ್ತಾರಾ? ಮೂತ್ರ ತಡೆಯೋಕೆ ಆಗುತ್ತಾ?"

"ಛೇ ಛೇ! ಎಲ್ಲಾ ಚಲೋ ಐತ್ರಿ," ಎಂದು ಫಕೀರಪ್ಪ ತಂಗಿಯ ಗಂಡನ ಮೂತ್ರಕೋಶಕ್ಕೂ ಜಾಮೀನು ನಿಂತ. ಆ ಬೆಳಿಗ್ಗೆಯೂ ಚಾದರ ಒಗೆದು ಬಂದಿದ್ದ ಶಿವಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. ಬಾಯಿ ಬಿಟ್ಟರೆ ಗಂಡನ ತಲೆಗೆ ಕತ್ತಿ, ಬಿಡದಿದ್ದರೆ ಅಣ್ಣನ ಮರ್ಯಾದೆ ಉಳಿಯುತ್ತದೆ. ಇಂಥ ಲೆಕ್ಕದಲ್ಲಿ ಮರ್ಯಾದೆಯೇ ಯಾವಾಗಲೂ ಗೆಲ್ಲುತ್ತದೆ.

ಶೈಲಜಾ ಕಾಶೀನಾಥನ ಕಡೆ ತಿರುಗಿದರು. "ನಿಮ್ಮ ಪಕ್ಕ ಕೂತಿರೋರು ಯಾರು?"

ಫಕೀರಪ್ಪ ಬಾಯಿ ತೆರೆದ. ಡಾಕ್ಟರ್ ಕೈ ಎತ್ತಿ ತಡೆದರು. ಕಾಶೀನಾಥ ಶಿವಕ್ಕನ ಮುಖವನ್ನು ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ನೋಡಿದ. ಅವನು ಅವಳ ಕಡೆ ಬಾಗಿ, ಪಕ್ಕದ ಬೆಂಚಿನ ಹುಡುಗನನ್ನು ಉತ್ತರ ಕೇಳುವವನಂತೆ ಪಿಸುಗುಟ್ಟಿದ:

"ಅಕ್ಕಾರ, ಇದಕ್ಕ ಏನಂತ ಹೇಳಬೇಕ್ರಿ?"

ಶಿವಕ್ಕ ಅಣ್ಣನ ಕಡೆ ನೋಡಲಿಲ್ಲ.

"ಖರೇ ಹೇಳಬೇಕ್ರಿ," ಎಂದಳು, ಪರಿಚಯವಿಲ್ಲದವರಿಗೆ ದಾರಿ ತೋರಿಸುವ ದನಿಯಲ್ಲಿ.