ಮುಂದಿನ ಸೀಟು

ಪುಟ್ಟ ಎಸ್‌ಯುವಿಯ ಡಿಕ್ಕಿ ಎತ್ತಿ ನಿಲ್ಲಿಸಿದ ಸೇಲ್ಸ್‌ಮನ್, ಒಳಗೆ ನಾಲ್ಕುನೂರು ಲೀಟರ್ ಜಾಗವಿದೆ ಎಂದು ಹೆಮ್ಮೆಯಿಂದ ಹೇಳಿದ. "ನಾವೇನು ಹಾಲು ಮಾರೋರಾ ಸ್ವಾಮಿ? ನನ್ನನ್ನ ಕೊಯ್ಯೋ ಪೆಟ್ಟಿಗೆ ಹಿಡಿಸುತ್ತಾ, ಅದು ಹೇಳಿ" ಎಂದಳು ಜಾದೂಗಾರನ ಹೆಂಡತಿ. ಸೇಲ್ಸ್‌ಮನ್ನಿನ ಮುಖ ಬಿಳಿಚಿಕೊಂಡಿತು. ಜಾದೂಗಾರ ಗಡಿಬಿಡಿಯಿಂದ ಮಧ್ಯೆ ಬಂದು, ತಾನು ಇವಳನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಗರಗಸದಿಂದ ಎರಡು ತುಂಡು ಮಾಡುವುದು ರಂಗದ ಮೇಲೆ ಮಾತ್ರ, ಆಮೇಲೆ ಜೋಡಿಸಿಯೇ ಮನೆಗೆ ಕರೆದೊಯ್ಯುವುದು ಎಂದು ಬಿಡಿಸಿ ಹೇಳಬೇಕಾಯಿತು.

ಪೆಟ್ಟಿಗೆ ಹೊರಗೆ ಅವರ ಹಳೆಯ ವ್ಯಾನಿನಲ್ಲೇ ಇತ್ತು. ಆ ವ್ಯಾನಿನಲ್ಲಿ ಮುಂದಿನ ಸೀಟೇನಿದ್ದರೂ ಕನ್ನಡಿಗಳದ್ದು, ಪಾರಿವಾಳದ ಪಂಜರದ್ದು. ಹೆಂಡತಿ ಮದುವೆಯಾದಾಗಿನಿಂದಲೂ ಹಿಂದೆ, ಕಿಟಕಿಯಿಲ್ಲದ ಕತ್ತಲಲ್ಲಿ, ಪೆಟ್ಟಿಗೆಯ ಮೇಲೆ ಕೂತೇ ಊರೂರು ಸುತ್ತಿದ್ದಳು. ಎಷ್ಟೋ ಊರುಗಳ ಸಭಾಂಗಣ ಕಂಡಿದ್ದಳು. ಒಂದೇ ಒಂದು ಊರಿನ ದಾರಿ ಕಂಡವಳಲ್ಲ. ಹೊಸ ಗಾಡಿಯಲ್ಲೂ ತನಗೆ ಮುಂದಿನ ಸೀಟು ಸಿಗದಿದ್ದರೆ, ಕೊಯ್ಯೋದಕ್ಕೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ ಎಂದು ಗಂಡನಿಗೆ ಹೇಳಿಯೇ ಅವಳು ಹೊಸಿಲು ದಾಟಿದ್ದಳು.

ಪೆಟ್ಟಿಗೆಯನ್ನು ಹೊತ್ತು ತಂದು, ಎಸ್‌ಯುವಿಯ ಹಿಂದಿನ ಸೀಟಿನ ಎಡಭಾಗ ಮಡಚಿದರು. ಪೆಟ್ಟಿಗೆ ಅರ್ಧ ಹೊಕ್ಕಿತು. ಓರೆ ಮಾಡಿದರು, ಮೊಂಡು ಹಿಡಿದು ನಿಂತಿತು. ಕೊನೆಗೆ ಸೇಲ್ಸ್‌ಮನ್ ಟೈಯನ್ನು ಹೆಗಲ ಮೇಲೆ ಎಸೆದುಕೊಂಡು, ಮುಂದಿನ ಎಡಗಡೆಯ ಸೀಟನ್ನು ಹಿಂದಕ್ಕೆ ಮಲಗಿಸಿದ ಮೇಲೆ ಪೆಟ್ಟಿಗೆ ಸರ್ರನೆ ಜಾರಿ, ಡ್ಯಾಶ್‌ಬೋರ್ಡಿಗೆ ಗೇಣು ದೂರದಲ್ಲಿ ಕೂತಿತು. ಜಾದೂಗಾರ ಖುಷಿಯಿಂದ ಚಪ್ಪಾಳೆ ತಟ್ಟಿದ. ತಟ್ಟಿದ ಕೈ ಅಲ್ಲೇ ನಿಂತಿತು. ಗಾಡಿಯಲ್ಲಿ ಇನ್ನು ಉಳಿದದ್ದು ಡ್ರೈವರ್ ಸೀಟು ಮತ್ತು ಅದರ ಬೆನ್ನಿಗೊಂದು ಸೀಟು, ಅಷ್ಟೇ.

"ಬೇಜಾರು ಮಾಡ್ಕೋಬೇಡ ಕಣೇ" ಎಂದ ಮೆಲ್ಲಗೆ. "ಇಲ್ಲಿ ಹಿಂದೆ ಕೂತರೂ ಕಿಟಕಿ ಇದೆಯಲ್ಲ."

ಹೆಂಡತಿ ಸೇಲ್ಸ್‌ಮನ್ನಿನ ಮುಂದೆ ಕೈ ಚಾಚಿದಳು. "ಕೀ ಕೊಡಿ."

"ನೀನಾ?" ಎಂದ ಜಾದೂಗಾರ.

"ಯಾಕ್ರೀ, ಡ್ರೈವರ್ ಸೀಟು ಮುಂದೆ ಇಲ್ವಾ?"

ಅವಳ ತಂಗಿ ಡ್ರೈವಿಂಗ್ ಕ್ಲಾಸ್ ನಡೆಸುತ್ತಿದ್ದಳು. ಹೆಂಡತಿ ಆ ತಂಗಿಯ ಹತ್ತಿರ ಕಲಿತು ಲೈಸೆನ್ಸ್ ತಗೊಂಡು ಯಾವುದೋ ಕಾಲವಾಗಿತ್ತು. ವ್ಯಾನು ನನ್ನೊಬ್ಬನ ಮಾತು ಮಾತ್ರ ಕೇಳುತ್ತೆ ಎಂದು ಗಂಡ ಸ್ಟೀರಿಂಗ್ ಮುಟ್ಟಗೊಟ್ಟಿರಲಿಲ್ಲ. ಸೇಲ್ಸ್‌ಮನ್ ಲೈಸೆನ್ಸ್ ನೋಡಿ ಕೀ ಕೊಟ್ಟ. ಷೋರೂಮಿನವರೊಬ್ಬರು ಜೊತೆಗಿರಲೇಬೇಕು ಎಂದು ತಾನು ಹಿಂದಿನ ಸೀಟು ಹಿಡಿದ. ಸರ್ ಇಲ್ಲೇ ಕಾಫಿ ಕುಡೀತಾ ಇರಲಿ ಎಂದ. ಆದರೆ ಆ ಪೆಟ್ಟಿಗೆಯ ಗುಟ್ಟು ಹೊರಗೆ ಬಿದ್ದರೆ ಕಸುಬೇ ಮುಳುಗಿತು. ಅದನ್ನು ಪರರ ಕೈಗೆ ಬಿಟ್ಟು ಕಾಫಿ ಕುಡಿಯುವ ಜೀವ ಜಾದೂಗಾರನದಲ್ಲ.

"ಹಾಗಾದ್ರೆ ಒಳಗೆ ಮಲಗಿ. ದಿನಾ ನಾನು ಮಲಗಲ್ವಾ?" ಎಂದಳು ಹೆಂಡತಿ, ಸೀಟನ್ನು ತನ್ನ ಅಳತೆಗೆ ಎಳೆದುಕೊಳ್ಳುತ್ತಾ.

ರಸ್ತೆಗೆ ಮಾತ್ರ ಬೇಡಮ್ಮಾ ಎಂದು ಸೇಲ್ಸ್‌ಮನ್ ಗೋಗರೆದದ್ದರಿಂದ ಗಾಡಿ ಷೋರೂಮಿನ ಹಿಂದಿನ ಅಂಗಳಕ್ಕಿಳಿಯಿತು. ದಿನನಿತ್ಯದ ಓಡಾಟ ಹೇಗಿರುತ್ತೆಂದು ತೋರಿಸಲು ಅಲ್ಲಿ ಹಂಪು, ಗುಂಡಿ, ಏರು, ಇಕ್ಕಟ್ಟಿನ ತಿರುವು, ಎಲ್ಲವನ್ನೂ ಕಟ್ಟಿಸಿದ್ದರು. ಪೆಟ್ಟಿಗೆಯ ಡ್ಯಾಶ್‌ಬೋರ್ಡಿನ ಕಡೆಯ ತೂತಿನಿಂದ ಜಾದೂಗಾರನ ತಲೆ, ಡಿಕ್ಕಿಯ ಕಡೆಯ ತೂತುಗಳಿಂದ ಅವನ ಪಾದ ಹೊರಚಾಚಿದ್ದವು. ಹೆಂಡತಿ ಕ್ಲಚ್ ಬಿಟ್ಟಳು. ಮುಂದಿನ ಗಾಜಿನ ತುಂಬ ಆಕಾಶ, ಮರ, ಬಕೆಟ್ ಹಿಡಿದು ಪಕ್ಕಕ್ಕೆ ಸರಿದ ಗಾಡಿ ತೊಳೆಯುವವನು, ಸೋಮಾರಿಯಾಗಿ ಎದ್ದ ನಾಯಿ, ಎಲ್ಲವೂ ಅವಳತ್ತಲೇ ಬರುತ್ತಿದ್ದವು. ದಾರಿ ಅನ್ನೋದು ಹೀಗೆ ಎದುರಿಗೆ ಬಂದು ಮಾತಾಡಿಸುತ್ತೆ ಅನ್ನೋದು ಅವಳಿಗೆ ಮರೆತೇ ಹೋಗಿತ್ತು. ಮೊದಲ ಹಂಪು ದಾಟಿದ್ದಕ್ಕೆ ಅವಳಿಗೇ ನಗು ಬಂತು. ಪಕ್ಕದ ತಲೆ ಮಾತ್ರ ಚಾವಣಿ ನೋಡುತ್ತಾ ಒಂದೇ ಸಮನೆ ಗೊಣಗುತ್ತಿತ್ತು: ಈಗ ಏನು ಬಂತು, ಎಡಕ್ಕಾ ಬಲಕ್ಕಾ, ಹಂಪು ಬರೋ ಮುಂಚೆ ಒಂದು ಮಾತು ಹೇಳಬಾರದಾ. ಎರಡನೇ ಸುತ್ತಿನ ಹೊತ್ತಿಗೆ ಗೊಣಗಾಟ ತಾನಾಗಿ ನಿಂತುಹೋಯಿತು.

ಅವಳು ಎರಡು ಕಂಬಗಳ ನಡುವೆ ಒಂದೇ ಸಲಕ್ಕೆ ರಿವರ್ಸ್ ತೆಗೆದು ನಿಲ್ಲಿಸಿದಳು. ಸೇಲ್ಸ್‌ಮನ್ ಇಳಿದು, ಬೆವರೊರೆಸಿಕೊಂಡು, ಎಡಗಡೆಯ ಕಿಟಕಿಗೆ ಬಗ್ಗಿದ. "ಸರ್, ಗಾಡಿ ಹೇಗನ್ನಿಸ್ತು? ಬಣ್ಣ ಕಪ್ಪು ಅಂದಿದ್ರಿ, ಅದೇ ಬುಕ್ ಮಾಡ್ಲಾ?"

ಕೂದಲು ಕೆದರಿದ ತಲೆ ಸ್ಟೀರಿಂಗಿನ ಕಡೆಗೆ ಹೊರಳಿತು.

"ಪೆಟ್ಟಿಗೆಯೊಳಗಿರೋರನ್ನ ಕೇಳೋ ಪದ್ಧತಿ ನಮ್ಮ ಕಂಪನಿಯಲ್ಲಿ ಇಲ್ಲ ಸ್ವಾಮಿ" ಎಂದ ಜಾದೂಗಾರ. "ಓಡಿಸೋರನ್ನ ಕೇಳಿ."

"ಹಳದಿ" ಎಂದಳು ಹೆಂಡತಿ. ಹೇಳಿ, ಇನ್ನೊಂದೇ ಸುತ್ತು ಎಂದು ಗೇರು ಹಾಕಿಯೇಬಿಟ್ಟಳು. ಸೇಲ್ಸ್‌ಮನ್ ಕೈ ಎತ್ತುವಷ್ಟರಲ್ಲಿ ಗಾಡಿ ತಿರುಗಿತ್ತು; ಅದರ ಹಿಂದಿನ ಗಾಜಿನಲ್ಲಿ ಎರಡು ಪಾದಗಳು, ಮುಂದಿನ ಹಂಪು ಬರುವ ಮುಂಚೆಯೇ ಬೆರಳು ಮಡಚಿ ಸಿದ್ಧವಾಗಿದ್ದವು.