ಮುಳುಗಿಗೊಂದು ಮೀನು

ಬೇಸಿಗೆ ಏರುತ್ತಿತ್ತು. ಸಂಶೋಧಕಿ ಕೆರೆಯ ನಡುವೆ ದೋಣಿ ನಿಲ್ಲಿಸಿಕೊಂಡು, ನೀರುಕಾಗೆಗಳು ಎಷ್ಟು ಸಲ ಮುಳುಗುತ್ತವೆ ಎಂದು ಎಣಿಸುತ್ತಿದ್ದಳು. ಹೋದ ವರ್ಷ ಒಂದು ಮೀನಿಗಾಗಿ ಏಳೆಂಟು ಸಲ ಮುಳುಗುತ್ತಿದ್ದ ಹಕ್ಕಿಗಳು ಈ ವಾರ ಪ್ರತಿ ಸಲವೂ ಮೀನು ಕಚ್ಚಿಕೊಂಡೇ ಮೇಲೇಳುತ್ತಿದ್ದವು. ಮೀನು ಹೇರಳವಾಗಿದೆ ಎಂದು ಬರೆದುಕೊಂಡಿದ್ದಳು, ದೋಣಿಯವನಿಗೂ ಹೇಳಿದ್ದಳು.

"ನಿಮ್ಮ ಮಾತು ನಂಬಿ ನಿನ್ನೆ ಇಲ್ಲೇ ಬಲೆ ಬಿಟ್ಟೆ ಕಣಮ್ಮ, ಬುಟ್ಟಿ ತುಂಬಿಹೋಯ್ತು," ಎಂದ ಅವನು. "ಈ ಋಣ ಇಟ್ಕೊಳ್ಳಲ್ಲ. ಮಧ್ಯಾಹ್ನ ಊಟ ನಮ್ಮನೇಲೇ. ಹಕ್ಕಿ ಊಟ ನೋಡ್ತಾ ನೋಡ್ತಾ ನೀವು ಕಡ್ಡಿಯಾಗಿದೀರ."

ಅವಳು ನಗುತ್ತ ನೀರಿಗೆ ಕೈ ಇಳಿಬಿಟ್ಟಳು. ಮೀನೊಂದು ಬೆರಳಿಗೆ ತಾಗಿತು, ಸರಿದುಹೋಗಲಿಲ್ಲ. ಹಿಡಿದೆತ್ತಿದರೂ ಒದ್ದಾಡಲಿಲ್ಲ, ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ಹಕ್ಕಿಗಳನ್ನೇ ಎಣಿಸುತ್ತ ಕುಳಿತವಳು, ಮೀನು ಯಾಕೆ ತಪ್ಪಿಸಿಕೊಳ್ಳುತ್ತಿಲ್ಲ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಅಣ್ಣಾ, ನೀರಿಗೆ ಏನೋ ವಿಷ ಸೇರಿದೆ. ಮನೆಗೆ ಫೋನ್ ಮಾಡಿ. ಆ ಮೀನು ಯಾರೂ ಮುಟ್ಟಬಾರದು ಅನ್ನಿ."

ಅವನು ಹುಟ್ಟಿಗೆ ಕೈ ಹಾಕಿದ.

"ನಿಮ್ಮ ಜೊತೆ ಕೂತು ಉಣ್ಣೋಣ ಅಂತ ನಾನೊಬ್ಬ ತಿಂದಿರಲಿಲ್ಲಮ್ಮ," ಎಂದ. "ಮಕ್ಕಳು ರಾತ್ರಿ ಹೊಟ್ಟೆ ಬಿರಿಯ ತಿಂದು ಮಲಗಿದ್ವು. ನಾನು ಬರೋವಾಗ ಇನ್ನೂ ಎದ್ದಿರಲಿಲ್ಲ."